ಅಂಜಿ ಅಂಜಿ ಟಿ.ವಿ. ಮಾರಿದ ಚಾಚಾ

ಅವರ ಎಡಗೈ ಯಾವಾಗಲೂ ಬೆನ್ನ ಹಿಂದೆ ಇರುತ್ತಿತ್ತು. ಬಲಗೈಯೊಂದನ್ನೇ ಮುಂದೆ ಚಾಚಿ, ಅದರಲ್ಲೂ ಅಂಗೈಯನ್ನಲ್ಲ, ಬೆರಳುಗಳ ಹಿಂಭಾಗವನ್ನು ಮೊದಲು ತಾಗಿಸಿ ನೋಡಿ, ಆಮೇಲೆಯೇ ಯಾವ ವಸ್ತುವನ್ನಾದರೂ ಹಿಡಿಯುತ್ತಿದ್ದರು. ಟಿ.ವಿ.ಯ ಬೆನ್ನು, ಅಂಗಡಿಯ ಶಟರ್ ಹೋಗಲಿ, ಬಸ್ಸಿನ ಬಾಗಿಲ ಸರಳನ್ನೂ ಹಾಗೆಯೇ ಮುಟ್ಟುತ್ತಿದ್ದರು. ಚಹಾದಂಗಡಿಯವನು ಸ್ಟೀಲ್ ಲೋಟ ತಂದಿಟ್ಟರೆ ಅದಕ್ಕೂ ಮೊದಲು ಬೆರಳ ಬೆನ್ನು. "ಚಾಚಾ, ಚಾದಾಗೂ ಕರೆಂಟ್ ಬರತದೇನ್ರೀ?" ಎಂದು ಆತ ನಗುತ್ತಿದ್ದ. "ಬರಂಗಿಲ್ಲಂತ ಬರಕೊಡು, ಹಂಗೇ ಕುಡೀತೀನಿ" ಎಂದು ಇವರು ಅಷ್ಟೇ ಗಂಭೀರವಾಗಿ ಹೇಳುತ್ತಿದ್ದರು.

ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನಿಂದ ಒಳಗೆ ತಿರುಗಿದರೆ ಸಿಗುವ ಒಂದು ಸಂದಿಯಲ್ಲಿ ಅವರ ಅಂಗಡಿ. ಮುಂದಿನ ಅರ್ಧದಲ್ಲಿ ಹೊಸ ಟಿ.ವಿ.ಗಳ ಮಾರಾಟ, ಹಿಂದಿನ ಅರ್ಧದಲ್ಲಿ ಹಳೆಯವುಗಳ ರಿಪೇರಿ. ಬಂದವರೆಲ್ಲ ಅವರನ್ನು ಟಿ.ವಿ. ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಆರಡಿಯ ಆಳು, ಬಿಳಿ ಗಡ್ಡ, ಕಾಲಲ್ಲಿ ಹೇಳಿ ಮಾಡಿಸಿಕೊಂಡ ಟಯರಿನ ಚಪ್ಪಲಿ. ಅಷ್ಟು ದೊಡ್ಡ ಮನುಷ್ಯ ಒಂದು ಪ್ಲಗ್ಗಿನ ಮುಂದೆ ಬೆದರಿದ ಎತ್ತಿನಂತೆ ಹಿಂದೆ ಸರಿದು ನಿಲ್ಲುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಹಾಗೆ ನೋಡಿದರೆ ನಗುವ ಹಕ್ಕು ನನಗಿರಲಿಲ್ಲ. ನಾನು ಹುಟ್ಟಾ ಅಂಜುಬುರುಕಿ.

ನಮ್ಮ ಮನೆ ಮಾನ್ವಿಯಲ್ಲಿ. ನಾನು ದೇವದುರ್ಗದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮುಂಜಾನೆ ಬಸ್ಸು ಹಿಡಿದು ಹೋದರೆ ಬರುವುದು ಸಂಜೆಗೆ. ನಡುವಿನ ಆ ಹೊತ್ತೆಲ್ಲ ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ. ಅಪ್ಪ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿ ಬೆನ್ನು ಬಾಗಿಸಿಕೊಂಡವನು, ಅವ್ವ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸಿದವಳು. ಇಬ್ಬರಿಗೂ ಎಪ್ಪತ್ತು ದಾಟಿದೆ. ಅಪ್ಪನಿಗೆ ಕಿವಿ ಮಂದ, ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ಪಾಠ ಮಾಡುವಾಗ ಬ್ಯಾಗಿನೊಳಗೆ ಫೋನು ಗುರ್ರೆಂದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಿದ್ದರೇನೋ, ಗ್ಯಾಸ್ ಆರಿಸಲಿಲ್ಲವೇನೋ, ಬಾಗಿಲಿಗೆ ಯಾರಾದರೂ ಬಂದರೇನೋ. ತೆಗೆದು ನೋಡಿದರೆ ಯಾವುದೋ ಕಂಪನಿಯ ಕರೆ. "ಟೀಚರ್ ಮಾರಿ ಬಿಳಿಚ್ಕೊಂತು" ಎಂದು ಹಿಂದಿನ ಬೆಂಚಿನವರು ಪಿಸುಗುಡುತ್ತಿದ್ದರು.

ಈ ಅಂಜಿಕೆಗೆ ನಾನೇ ಕಂಡುಕೊಂಡ ಮದ್ದು ಟಿ.ವಿ. ದೊಡ್ಡದೊಂದು ಟಿ.ವಿ. ತಂದು ಗೋಡೆಗೆ ಹಾಕಿದರೆ ಇಬ್ಬರೂ ಅದರ ಮುಂದೆ ಕುಳಿತಿರುತ್ತಾರೆ, ಮಾಳಿಗೆ ಹತ್ತುವುದಿಲ್ಲ, ಬಿಸಿಲಿಗೆ ಹೋಗುವುದಿಲ್ಲ, ಬೀಳುವುದಿಲ್ಲ ಎಂದು ನನ್ನ ಲೆಕ್ಕ. ಮನೆಯಲ್ಲಿ ಹಿಂದೆ ಗೂನಿರುವ ಹಳೇ ಡಬ್ಬಾ ಟಿ.ವಿ. ಇತ್ತು. ಅದರಲ್ಲಿ ಎಲ್ಲರ ಮುಖವೂ ಕಾಮಾಲೆ ಬಂದವರ ಹಾಗೆ ಕಾಣುತ್ತಿತ್ತು. ಮೂರು ವರ್ಷದ ಹಿಂದೆ ಮೇ ರಜೆಯಲ್ಲಿ ಒಂದು ದಿನ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಹೇಳಿದರೆಂದು ಚಾಚಾನ ಅಂಗಡಿಗೆ ಹೋದೆ.

"ನಲವತ್ಮೂರು ಇಂಚಿಂದು, ಸ್ಮಾರ್ಟ್ ಟಿ.ವಿ. ತೋರಸ್ರಿ. ರೇಟು ನೋಡಿ ಹೇಳ್ರಿ" ಅಂದೆ.

ಅವರು ಟಿ.ವಿ. ಕಡೆ ತಿರುಗಲೇ ಇಲ್ಲ. "ನೋಡೋರು ಯಾರ್ರೀ?"

"ನಮ್ಮಪ್ಪ, ನಮ್ಮವ್ವ."

"ಎಲ್ಲಿ ಕುಂದರ್ತಾರ? ಬಾಜಿಗೂ ಗ್ವಾಡಿಗೂ ಎಷ್ಟು ಹೆಜ್ಜಿ ಅದ? ಕಿಡಕಿ ಯಾವ ಕಡೆ?"

ಅಪ್ಪ ಕೂರುವ ಹೊರಸಿನಿಂದ ಗೋಡೆಗೆ ಎಷ್ಟು ಹೆಜ್ಜೆ ಎಂದು ಮೂವತ್ತು ವರ್ಷ ಆ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ತಡವರಿಸಿದೆ. ಚಾಚಾ ಒಳಗಿನಿಂದ ಎರಡು ಹತ್ತಿಯ ಉಂಡೆ ತಂದು ಕೊಟ್ಟು, "ಕಿವಿಗಿ ಇಟ್ಕೊಳ್ರಿ" ಅಂದರು. ನಾನು ಕೇಳಿದ ದೊಡ್ಡ, ತೆಳ್ಳಗಿನ ಟಿ.ವಿ. ಹಚ್ಚಿ ಅದರ ಚಿತ್ರದ ಮೇಲೆ ಒಂದು ಟವೆಲ್ ಇಳಿಬಿಟ್ಟರು. ವಾರ್ತೆ ಓದುವವಳ ಮಾತು ನನಗೆ ಗೋಡೆಯಾಚೆಯ ಜಗಳದಂತೆ ಬರೀ ಗೊಜಗೊಜ ಕೇಳಿಸಿತು. ಆಮೇಲೆ ಪಕ್ಕದ ಚಿಕ್ಕ ಟಿ.ವಿ. ಹಚ್ಚಿದರು. ಅದರ ಸ್ಪೀಕರು ಮುಂದಕ್ಕೆ ಮುಖ ಮಾಡಿತ್ತಂತೆ. ಪದ ಪದ ತಿಳಿಯಿತು.

"ಅಪ್ಪಾವ್ರು ಹಿಂಗ ಕೇಳ್ತಾರ ನೋಡ್ರಿ" ಎಂದು ನನ್ನ ಕಿವಿಯ ಕಡೆ ಬೆರಳು ಮಾಡಿದರು. "ಇಂಚು ಎಲ್ಲಾರಿಗೂ ಕಾಣಸ್ತದ. ಇದು ಯಾರೂ ಕೇಳಂಗಿಲ್ಲ."

ಸರಿ, ಆ ಚಿಕ್ಕದನ್ನೇ ಕೊಡಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಮನೆಯ ಹಳೇ ರಿಮೋಟ್ ತಂದು ತೋರಿಸಬೇಕಂತೆ. ವಯಸ್ಸಾದವರ ಮನೆಗೆ ಕೊಡುವ ಟಿ.ವಿ.ಯನ್ನು ಅದನ್ನು ನೋಡದೆ ಕೊಡುವುದಿಲ್ಲವಂತೆ. ನನಗೆ ರೇಗಿತು. ಮಾನ್ವಿಯಿಂದ ಬಿಸಿಲಲ್ಲಿ ಬಂದವಳು ನಾನು. "ಮಾರೋ ಮನಸಿಲ್ಲಂದ್ರ ಹೇಳಿಬಿಡ್ರಿ. ರಾಯಚೂರಾಗ ಬ್ಯಾರೆ ಅಂಗಡಿ ಇಲ್ಲೇನು?" ಎಂದು ಕೇಳಿಯೂಬಿಟ್ಟೆ.

"ಭಾಳ ಅದಾವ. ಅಲ್ಲಿಗಿ ಹೋದ್ರೂ ರಿಮೋಟ್ ಒಯ್ರಿ ಟೀಚರಮ್ಮ" ಅಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ, ಒಂದು ಬಗೆಯ ದಿಗಿಲಿತ್ತು. ನನಗದು ಆಗ ನಾಟಕದಂತೆ ಕಂಡಿತು.

ಬೇರೆ ಅಂಗಡಿಗೆ ಹೋಗಬಹುದಿತ್ತು. ಆದರೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕೇಳಿದ ಆ ಗೊಜಗೊಜ ನನ್ನನ್ನು ಬಿಡಲಿಲ್ಲ. ಅಪ್ಪ ಎರಡು ವರ್ಷದಿಂದ ಅದನ್ನೇ ಕೇಳುತ್ತಾ, ಅರ್ಥವಾದಂತೆ ತಲೆಯಾಡಿಸುತ್ತಾ ಕುಳಿತಿದ್ದ. ಶಾಲೆ ಶುರುವಾದ ಮೊದಲ ಶನಿವಾರ ಅರ್ಧ ದಿನ ಮುಗಿಸಿ, ಬ್ಯಾಗಿನಲ್ಲಿ ಹಳೇ ರಿಮೋಟ್ ಇಟ್ಟುಕೊಂಡು ದೇವದುರ್ಗದಿಂದ ನೇರ ರಾಯಚೂರಿಗೆ ಹೋದೆ. ಜೂನ್ ಬಂದಿದ್ದರೂ ಮಳೆ ಬಂದಿರಲಿಲ್ಲ. ಅಂಗಡಿ ಮುಟ್ಟಿದಾಗ ಎರಡು ಗಂಟೆಯ ಮೇಲಾಗಿತ್ತು.

ಚಾಚಾ ರಿಮೋಟನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲೇರಿಸಿ, ವೈದ್ಯರು ನಾಲಿಗೆ ನೋಡುವಂತೆ ನೋಡಿದರು. ಸೌಂಡ್ ಹೆಚ್ಚಿಸುವ ಬಟನ್ನಿನ ರಬ್ಬರು ಸವೆದು ತೂತು ಬಿದ್ದಿತ್ತು, ಕಡಿಮೆ ಮಾಡುವುದು ಹೊಸದರಂತಿತ್ತು. "ಅಪ್ಪಾವ್ರ ಕಿವಿ" ಅಂದರು. ಅಂಕಿಗಳಲ್ಲಿ ಮೂರೇ ಮೂರು ಅಳಿಸಿದ್ದವು. "ಇವ್ರಿಗೆ ನಾಕೈದು ಚಾನಲ್ ಸಾಕು. ಸ್ಮಾರ್ಟ್ ತಗೊಂಡು ಏನ್ ಮಾಡ್ತಾರ? ಒಂದು ಬಟನ್ ತಪ್ಪಿ ಒತ್ತಿದ್ರ ವಾಪಸ್ ಬರೋ ಹಾದಿ ಸಿಗಂಗಿಲ್ಲ. ನೀವು ಸಂಜಿಗಿ ಬರೋತನಕ ಖಾಲಿ ಪರದೆ ನೋಡ್ಕೋತ ಕುಂದರ್ತಾರ." ನಾನು ಒಳಗೊಳಗೇ ಮೆಚ್ಚಿಕೊಂಡೆ. ಆಮೇಲೆ ಅವರ ಹೆಬ್ಬೆರಳು ಮೇಲಿನ ಕೆಂಪು ಬಟನ್ನಿನ ಮೇಲೆ ನಿಂತಿತು.

"ಇದನ್ನ ಯಾರೂ ಒತ್ತೇ ಇಲ್ಲ. ಮನ್ಯಾಗ ಟಿ.ವಿ. ಹೆಂಗ ಬಂದ್ ಮಾಡ್ತಾರ?"

"ನಮ್ಮವ್ವ ಪ್ಲಗ್ ಕೀಳ್ತಾಳ್ರೀ" ಅಂದೆ, ತುಸು ಹೆಮ್ಮೆಯಿಂದಲೇ. "ರಿಮೋಟಿಂದ ಬಂದ್ ಮಾಡಿದ್ರ ಕೆಂಪು ದೀಪ ಹತ್ತೇ ಇರತದಲ್ಲ, ಅದರಿಂದ ಬೆಂಕಿ ಹತ್ತತದಂತ ಆಕಿಗಿ ಅಂಜಿಕಿ. ಭಾಳ ಹುಷಾರದಾಳ."

"ಬೋರ್ಡಿನ ಸ್ವಿಚ್?"

"ಕೆಟ್ಟದ್ರೀ. ಯಾವಾಗಲೂ ಆನ್ ಇರತದ."

"ಬರೇ ಕೈಲೆ ಕೀಳ್ತಾರ?"

"ಇಲ್ರೀ, ಸೆರಗು ಸುತ್ಕೋತಾಳ. ಕರೆಂಟ್ ಹೊಡೀಬಾರದಂತ."

"ಯಾವ ಹೊತ್ತಿಗಿ?"

"ಮಧ್ಯಾನ ಊಟ ಆಗಿ, ಬಾಂಡೆ ತಿಕ್ಕಿ ಬಂದಮ್ಯಾಲೆ. ಅಪ್ಪ ಮಲಗೋ ಹೊತ್ತಿಗಿ."

ಈ ಮಾತು ಬಾಯಿಂದ ಬೀಳುತ್ತಿದ್ದಂತೆ ನನ್ನ ಕಣ್ಣ ಮುಂದೆ ಅವ್ವ ಬಚ್ಚಲಿನಿಂದ ಏಳುವುದು ಬಂತು. ಎದ್ದವಳು ಕೈ ಒರೆಸಿಕೊಳ್ಳುವುದು ಅದೇ ಸೆರಗಿಗೆ. ಆ ಒದ್ದೆ ಸೆರಗನ್ನೇ ಕೈಗೆ ಸುತ್ತಿಕೊಂಡು ಅವಳು ಪ್ಲಗ್ಗಿಗೆ ಕೈಹಾಕುತ್ತಿದ್ದಳು. ರಜೆಯುದ್ದಕ್ಕೂ ದಿನಾ ನಾನದನ್ನು ನೋಡಿದ್ದೆ. ನೋಡಿ, ನಮ್ಮವ್ವ ಎಷ್ಟು ಜಾಣೆ ಎಂದುಕೊಂಡಿದ್ದೆ.

"ಫೋನ್ ಹಚ್ರಿ" ಅಂದರು ಚಾಚಾ. ಅವರ ಮುಖದಲ್ಲಿ ರಕ್ತವಿರಲಿಲ್ಲ. "ಪ್ಲಗ್ಗಿಗಿ ಕೈ ಹಚ್ಚಬ್ಯಾಡ ಅಂತ ಹೇಳ್ರಿ. ಬ್ಯಾರೆ ಏನೂ ಹೇಳಬ್ಯಾಡ್ರಿ, ಅದೊಂದೇ ಹೇಳ್ರಿ."

ಗಡಿಯಾರದಲ್ಲಿ ಎರಡೂವರೆ. ಅವ್ವನ ಫೋನು ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಮತ್ತೆ ಅದೇ. ಅಪ್ಪ ಫೋನು ಇಟ್ಟುಕೊಳ್ಳುವವನಲ್ಲ, ಇಟ್ಟುಕೊಂಡರೂ ಕೇಳಿಸುವುದಿಲ್ಲ. ಪಕ್ಕದ ಮನೆಯಾಕೆಗೆ ಹಚ್ಚಿದೆ, ಆಕೆ ಮಗಳ ಊರಿಗೆ ಹೋಗಿದ್ದಳು. ನಾನು ಅಲ್ಲೇ ನಿಂತು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಒಂದೊಂದೇ ನಂಬರು ನೋಡುತ್ತಿದ್ದೆ. ಯಾವ ಹೆಸರೂ ಓದಲು ಬರುತ್ತಿರಲಿಲ್ಲ. ಚಾಚಾ ಅಷ್ಟರಲ್ಲಿ ಒಳಗಿದ್ದ ಇಬ್ಬರು ಗಿರಾಕಿಗಳನ್ನು ಹೊರಗೆ ಕರೆದು, ಶಟರ್ ಎಳೆದು, ಒಂದು ಚೀಲ ಹೆಗಲಿಗೇರಿಸಿದ್ದರು. "ನಡೀರಿ, ಮಾನ್ವಿಗಿ" ಅಂದರು.

ಬಸ್ಸು ಎಲ್ಲ ಕಡೆ ನಿಂತಿತು. ಯಾರೋ ಮೂಟೆ ಇಳಿಸಿದರು, ಯಾರೋ ಚಿಲ್ಲರೆಗೆ ಜಗಳ ತೆಗೆದರು. ನಾನು ಪ್ರತಿ ಐದು ನಿಮಿಷಕ್ಕೆ ಫೋನು ಹಚ್ಚುತ್ತಿದ್ದೆ. ಪಕ್ಕದ ಸೀಟಿನಲ್ಲಿ ಚಾಚಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯಲ್ಲೇ ಏನೋ ಪಠಿಸುತ್ತಿದ್ದರು. ಬೇರೆಯವರಾದರೆ ಏನೂ ಆಗಂಗಿಲ್ಲ ಬಿಡ್ರಿ ಎನ್ನುತ್ತಿದ್ದರು. ಅವರು ಅನ್ನಲಿಲ್ಲ. ಒಂದು ಮಾತಿಗಾಗಿ ಕಾದು ಕಾದು ನಾನೇ ಕೇಳಿದೆ, "ಏನೂ ಆಗಿರಂಗಿಲ್ಲಲ್ರೀ?"

"ನನಗ ಗೊತ್ತಿಲ್ಲ ಟೀಚರಮ್ಮ" ಅಂದರು. "ಹಾವಿಗರ ಮಾರಿ ಅದ. ಕರೆಂಟಿಗಿ ಮಾರಿ ಇಲ್ಲ. ನಲವತ್ತು ವರ್ಸ ಆತು, ನಾನಿನ್ನೂ ಅದರ ಗುರ್ತು ಹಿಡಿದಿಲ್ಲ."

ಆಮೇಲೆ, ನಾನು ಕೇಳದೆಯೇ, ಯಾಪಲದಿನ್ನಿಯ ಅಜ್ಜನೊಬ್ಬನ ಕತೆ ಹೇಳಿದರು. ಅಜ್ಜನಿಗೆಂದು ಮಗ ಬಂದು ಟಿ.ವಿ. ಕೊಂಡಿದ್ದ. ಅಂಗಡಿಯಲ್ಲಿ ಗದ್ದಲ. ಮನೆಗೆ ಬಂದು ಕೂಡಿಸಿಕೊಡಿ ಎಂದು ಮಗ ಕೇಳಿದರೆ, ಅದೇನು ದೊಡ್ಡ ಕೆಲಸ, ನೀನೇ ಇಡಪ್ಪಾ ಅಂದಿದ್ದರಂತೆ ಚಾಚಾ. ಮಗ ಅದನ್ನು ಕಬ್ಬಿಣದ ಮೇಜಿನ ಮೇಲಿಟ್ಟ. ಮೇಜಿನ ಕಾಲಡಿ ವೈರು ಸಿಕ್ಕಿ ಸುಲಿದಿತ್ತು. ಮೂರನೇ ದಿನ ಮಳೆ ಬಂದು ಮಾಳಿಗೆ ಸೋರಿತು. ಅಜ್ಜ ಟಿ.ವಿ. ಹಚ್ಚಲು ಹೋದ.

"ಕೇಸ್ ಆತೇನ್ರೀ?"

"ಇಲ್ಲ. ಮಗ ಅಂಗಡಿಗಿ ಬಂದ. ಬೈತಾನ, ಹೊಡೀತಾನ ಅಂತ ಕುಂತಿದ್ದೆ. ನಿಮ್ಮ ಟಿ.ವಿ. ಚೊಲೊ ಇತ್ತು ಚಾಚಾ, ನಮ್ಮಪ್ಪನ ನಸೀಬ ಚೊಲೊ ಇರಲಿಲ್ಲ ಅಂದ. ಅಂವ ಬೈದಿದ್ರ ಒಂದು ದಿನರ ನಿದ್ದಿ ಬರತಿತ್ತು."

ಮಾನ್ವಿಯಲ್ಲಿ ಇಳಿದು ಆಟೋ ಹಿಡಿದು ಮನೆ ಮುಟ್ಟಿದಾಗ ನಾಲ್ಕಾಗಿತ್ತು. ಬಾಗಿಲು ಅರೆ ತೆರೆದಿತ್ತು. ಒಳಗೆ ಟಿ.ವಿ.ಯ ಕಬ್ಬಿಣದ ಸ್ಟ್ಯಾಂಡಿನ ಕೆಳಗೆ ಬರೀ ಕಡಪಾ ಬಂಡೆಯ ಮೇಲೆ ಅವ್ವ ಬಿದ್ದಿದ್ದಳು. ಒಂದು ಕೈ ಬೋರ್ಡಿನ ಕಡೆ ಚಾಚಿಕೊಂಡಿತ್ತು. ಸೆರಗು ಕೈಗೆ ಸುತ್ತಿತ್ತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಓಡಿದ್ದು ನೆನಪಿದೆ. ಹೊಸ್ತಿಲು ದಾಟುವ ಮುಂಚೆ ಚಾಚಾ ಎರಡೂ ಕೈಗಳಿಂದ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. "ಮುಟ್ಟಬ್ಯಾಡ್ರಿ" ಅಂದರು. ನಾನು ಕೊಸರಿದೆ, ಬೈದೆ, ಆ ಮುದುಕರ ಕೈಯನ್ನು ಪರಚಿದೆ. "ಮುಟ್ಟಿದ್ರ ನೀವೂ ಹೋಗ್ತೀರಿ. ಮೀಟರ್ ಎಲ್ಲದ? ಮೊದಲ ಮೀಟರ್ ತೋರಸ್ರಿ." ಬಾಗಿಲ ಪಕ್ಕದ ಗೋಡೆಯತ್ತ ಕೈ ತೋರಿಸಿದೆ. ಅವರು ನನ್ನ ತೋಳು ಬಿಡದೆ ಅಲ್ಲಿಗೆ ಹೋಗಿ ಮೇನ್ ಇಳಿಸುವವರೆಗಿನ ಆ ನಾಲ್ಕು ಹೆಜ್ಜೆಗಳಷ್ಟು ಹೊತ್ತು, ನನ್ನ ಅವ್ವನನ್ನು ನಾನು ಮುಟ್ಟದಂತೆ ತಡೆದ ಆ ಮನುಷ್ಯನನ್ನು ನಾನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

ಖಟ್ ಎಂದು ಸ್ವಿಚ್ಚಿಳಿದ ಸದ್ದಿಗೆ ಅವ್ವ ಕಣ್ಣು ಬಿಟ್ಟಳು. "ಯಾಕವ್ವಾ, ಇಷ್ಟು ಜಲ್ದಿ ಬಂದಿ?" ಅಂದಳು. ನನ್ನ ಹಿಂದೆ ನಿಂತ ಅಪರಿಚಿತರನ್ನು ಕಂಡು ಎದ್ದು ಸೆರಗು ಸರಿಪಡಿಸಿಕೊಂಡಳು. "ಹನ್ನೆರಡಕ್ಕೇ ಕರೆಂಟ್ ಹೋಗ್ಯಾದ. ಸೆಕಿ ತಾಳಲಾರದ ಬಂಡಿ ಮ್ಯಾಲ ಅಡ್ಡಾಗಿದ್ದೆ. ಫೋನಿನ ಚಾರ್ಜೂ ಹೋಗ್ಯಾದ." ಊಟವಾಗಿ ಬಾಂಡೆ ತಿಕ್ಕಿ ಬಂದವಳು, ಕರೆಂಟ್ ಬಂದ ಕೂಡಲೇ ಟಿ.ವಿ. ತಾನಾಗಿಯೇ ಹತ್ತಿಕೊಳ್ಳುತ್ತದೆಂದು ಪ್ಲಗ್ ಕೀಳಲು ಹೋಗಿ, ನಿದ್ದೆ ಎಳೆದು ಅಲ್ಲೇ ಮಲಗಿದ್ದಳು. ನಾನು ನೆಲದ ಮೇಲೆ ಕುಸಿದು ಕುಳಿತು ಅವಳ ಕಾಲು ಹಿಡಿದು ಅತ್ತೆ. ಹೊರಸಿನ ಮೇಲಿದ್ದ ಅಪ್ಪ ಎದ್ದು, ಏನೂ ಕೇಳಿಸದೆ, ಎಲ್ಲರ ಮುಖ ನೋಡುತ್ತಾ ನಿಂತ.

ಚಾಚಾ ಹೊಸ್ತಿಲಿನ ಹೊರಗೇ ಕುಳಿತುಬಿಟ್ಟಿದ್ದರು. ನೀರು ಕೊಟ್ಟರೆ ಬೆರಳ ಬೆನ್ನನ್ನೂ ತಾಗಿಸದೆ ಲೋಟ ಹಿಡಿದು ಕುಡಿದರು. ಅವರೂ ಅವ್ವ ಸತ್ತಿದ್ದಾಳೆಂದೇ ತಿಳಿದಿದ್ದರು.

ಸುಧಾರಿಸಿಕೊಂಡ ಮೇಲೆ ಪ್ಲಗ್ ಕಿತ್ತು ಬಾಗಿಲ ಬೆಳಕಿಗೆ ತಂದರು. ಅದರ ಮುಚ್ಚಳ ಒಡೆದು ಎರಡಾಗಿತ್ತು. ಅಪ್ಪ ಅದಕ್ಕೆ ಗಾಯಕ್ಕೆ ಹಚ್ಚುವ ದವಾಖಾನೆಯ ಬಟ್ಟೆಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿದ್ದ. ಕಾಲಿನ ಹುಣ್ಣಿಗೆಂದು ತಂದ ಪಟ್ಟಿ ಉಳಿದಿತ್ತಂತೆ. ಪಟ್ಟಿಯ ಒಂದು ಕಡೆ ಅವ್ವನ ಒದ್ದೆ ಸೆರಗಿನ ಬಣ್ಣ ಹಿಡಿದಿತ್ತು.

"ಅಮ್ಮಾ, ಕೀಳುವಾಗ ಯಾವಾಗರ ಏನರ ಅನಸೇದೇನು?" ಚಾಚಾ ಮೆಲ್ಲಗೆ ಕೇಳಿದರು.

ಅವ್ವ ನನ್ನ ಕಡೆ ನೋಡದೆ ಹೇಳಿದಳು. "ಬಲಗೈ ಜುಮ್ ಅಂತದ್ರೀ. ಮೊಣಕೈತನಕ. ಮೂರ್ನಾಕು ತಿಂಗಳಾತು. ಲಕ್ವಾ ಹೊಡ್ಯಾಕತ್ತದ ಅಂತ ತಿಳ್ಕೊಂಡಿದ್ದೆ. ನನ್ನ ತವರೂರು ಕುರ್ಡ್ಯಾಗ ನಮ್ಮಣ್ಣಗೂ ಹಿಂಗೇ ಕೈಯಿಂದ ಶುರು ಆಗಿತ್ತು. ಎಣ್ಣಿ ತರಿಸಿ ತಿಕ್ಕೊಳ್ಳಾಕತ್ತೀನಿ."

"ನನಗ್ಯಾಕ ಹೇಳಲಿಲ್ಲ ಯವ್ವಾ?"

"ನಿನಗ ಹೇಳಿದ್ರ ನೀನು ಸಾಲಿ ಬಿಟ್ಟು ನನ್ನ ಮಗ್ಗಲಾಗ ಕುಂದರ್ತಿದ್ದಿ. ನಿನ್ನ ಅಂಜಿಕಿ ನೋಡಿದ್ರ ನನಗ ಅಂಜಿಕಿ ಬರ್ತದ."

ಇಷ್ಟು ದಿನ ನಾನು ಅವಳಿಗಾಗಿ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಹೆದರಿಕೆಗೇ ಹೆದರಿ ಅವಳು ಸಾವನ್ನು ದಿನಾ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಳು. ನಾಚಿಕೆಯಾಯಿತು. ಅಪ್ಪನಿಗೆ ಎಲ್ಲವನ್ನೂ ಕಿವಿಯಲ್ಲಿ ಕೂಗಿ ಹೇಳಿದಾಗ ಅವನು ಆ ಪಟ್ಟಿ ಸುತ್ತಿದ ಪ್ಲಗ್ಗನ್ನು ನೋಡುತ್ತಾ, "ನಾನೇ ಸುತ್ತಿದ್ದು" ಎಂದು ಮತ್ತೆ ಮತ್ತೆ ಅನ್ನತೊಡಗಿದ.

ಚಾಚಾ ಯಾರನ್ನೂ ಬೈಯಲಿಲ್ಲ. "ನೀವು ಚೊಲೋದಕ್ಕೇ ಮಾಡೀರಿ" ಎಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. ಐದಕ್ಕೆ ಓಣಿಗೆ ಕರೆಂಟ್ ಬಂತು. ಎಲ್ಲರನ್ನೂ ಅಂಗಳಕ್ಕೆ ಕಳಿಸಿ, ಮೇನ್ ಏರಿಸಿ, ತಾವೊಬ್ಬರೇ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಿ ಟೆಸ್ಟರ್ ಹಿಡಿದರು. ಬೋರ್ಡಿನ ಹಿಂದಿನ ವೈರು ಸುಲಿದು ಕಬ್ಬಿಣದ ಸ್ಟ್ಯಾಂಡಿಗೆ ತಾಗಿತ್ತು. ಸ್ಟ್ಯಾಂಡಿಗೆ ಟೆಸ್ಟರ್ ಮುಟ್ಟಿಸಿದಾಗ ಅದರ ಸಣ್ಣ ದೀಪ ಹತ್ತಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಮನೆ ಕಟ್ಟುವಾಗ ಹಿತ್ತಲಲ್ಲಿ ಇದ್ದಿಲು, ಉಪ್ಪು ಹಾಕಿ ತೋಡಿಸಿದ್ದ, ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗಿನ ಗುಂಡಿ ಎಲ್ಲಿದೆ ಎಂದು ಕೇಳಿದರು. ಅದಕ್ಕೆ ನೀರು ಹಾಕಿ ಎಷ್ಟು ವರ್ಷವಾಗಿತ್ತೋ, ಕರಿಮಣ್ಣು ಬಿರಿದು ಅದರೊಳಗೆ ಕೈ ತೂರುವಷ್ಟು ಸೀಳು ಬಿಟ್ಟಿತ್ತು.

"ಗುಂಡಿ ಒಣಗಿ ಕರೆಂಟಿಗಿ ಮಣ್ಣಿಗಿಳಿಯೋ ಹಾದಿ ಇರಲಿಲ್ಲ. ಪುಣ್ಯಾಕ ಒಳಗಿನ ಬಂಡೀನೂ ಒಣಗಿ ಕುಂತಿತ್ತು. ಅದಕ್ಕ ಬರೇ ಜುಮ್ ಅಂತು" ಅಂದರು. "ಮಳಿ ಬಿದ್ದು ಬಂಡಿ ಹಸಿ ಆಗಿದ್ರ..." ಅಷ್ಟಕ್ಕೇ ನಿಲ್ಲಿಸಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು.

ಅವತ್ತು ಅವರು ಬೋರ್ಡು ಬಿಚ್ಚಿ, ವೈರುಗಳ ಬಾಯಿ ಕಟ್ಟಿ, ಕೊನೆಯ ಬಸ್ಸಿಗೆ ಹೋದರು. ಮಂಗಳವಾರ ಮೊದಲ ಮಳೆ ಬಂತು. ಮೂಲೆಯಲ್ಲಿ ಎಂದಿನಂತೆ ಸೋರಿ, ಟಿ.ವಿ.ಯ ಕೆಳಗಿನ ಬಂಡೆ ಕಪ್ಪಗೆ ಹೊಳೆಯಿತು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಅವ್ವ ಅರಿವೆ ತಂದು ಆ ನೀರನ್ನು ಒರೆಸುವುದನ್ನು ನೋಡುತ್ತಾ ಕುಳಿತೆ.

ಹೊಸ ಟಿ.ವಿ. ಬಂದದ್ದು ಅದರ ಮುಂದಿನ ಭಾನುವಾರ. ಚಾಚಾ ವೈರ್‌ಮನ್ ಒಬ್ಬರನ್ನು ಕರೆತಂದು ಮೊದಲು ವೈರಿಂಗ್ ಹೊಸದು ಮಾಡಿಸಿದರು. ಆಮೇಲೆ ಅಪ್ಪನ ಹೊರಸಿನ ಮೇಲೆ ತಾವೇ ಮಲಗಿ, ಎದ್ದು ಕೂತು, ಎಡಕ್ಕೆ ಹೊರಳಿ, ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿದರು. "ಟಿ.ವಿ. ಅಂಗಡ್ಯಾಗ ನಿಂತು ಆರಿಸಬಾರದು, ಮನ್ಯಾಗ ಮಲಗಿ ಆರಿಸಬೇಕು" ಎಂಬುದು ಅವರ ಮಾತು. ಹೊರಸಿನಿಂದ ಗೋಡೆಗೆ ಐದು ಹೆಜ್ಜೆ ಇತ್ತು. ಮೂವತ್ತೆರಡು ಇಂಚಿನದೇ ಸಾಕು ಎಂದರು. ಮಾತು ಮುಂದಕ್ಕೆ ಬರುವ ಸ್ಪೀಕರು, ಕೆಟ್ಟರೆ ರಾಯಚೂರಿನಲ್ಲೇ ರಿಪೇರಿ, ರಿಮೋಟಿನಲ್ಲಿ ಕೆಲವೇ ಬಟನ್. ಗೋಡೆಯ ಮೇಲೆ ಅಪ್ಪ ತೂಗುಹಾಕಿದ್ದ ಬುದ್ಧನ ಪಟವನ್ನು ತೆಗೆಯಬೇಕಾಗಬಹುದೆಂದು ನಾವು ಅಳುಕುತ್ತಿದ್ದರೆ, "ಅವ್ರು ಅಲ್ಲೇ ಇರಲಿ, ಇದು ಕೆಳಗ ಕುಂದರ್ಲಿ" ಎಂದು ಟಿ.ವಿ.ಯನ್ನು ಅಪ್ಪನ ಕಣ್ಣಿನ ಮಟ್ಟಕ್ಕೆ ಇಳಿಸಿದರು. ನಾನು ಆಸೆಪಟ್ಟ ದೊಡ್ಡ ಟಿ.ವಿ.ಗಿಂತ ಅದು ಎಷ್ಟೋ ಅಗ್ಗವಾಗಿತ್ತು, ಮತ್ತು ಅಪ್ಪ ಅವತ್ತು ಮೊದಲ ಸಲ ವಾರ್ತೆ ಕೇಳಿ ಮಧ್ಯದಲ್ಲಿ ನಮಗೆ ಅರ್ಥ ಹೇಳಿದ.

ಅವ್ವನಿಗೆ ಮಾತ್ರ ಆ ಕೆಂಪು ದೀಪದ ಮೇಲೆ ನಂಬಿಕೆ ಬರಲಿಲ್ಲ. ಚಾಚಾ ಅವಳು ಹಣೆಗೆ ಅಂಟಿಸಿಕೊಳ್ಳುವ ಟಿಕಳಿಯ ಹಾಳೆ ಕೇಳಿ, ಒಂದನ್ನು ತೆಗೆದು ರಿಮೋಟಿನ ಕೆಂಪು ಬಟನ್ನಿಗೆ ಅಂಟಿಸಿದರು, ಕಣ್ಣು ಕಾಣದಿದ್ದರೂ ಬೆರಳಿಗೆ ತಿಳಿಯಲೆಂದು. "ಇದನ್ನ ಒತ್ರಿ. ಆ ಕೆಂಪು ದೀಪ ಕಾವಲು ಕುಂತಂಗ, ಕಚ್ಚಂಗಿಲ್ಲ. ಅದೂ ಬ್ಯಾಡಂದ್ರ ಹೊರಸಿನ ಬಾಜೂಕ ಸ್ವಿಚ್ ಹಾಕೀನಿ, ಒಣ ಕೈಲೆ ಆರಸ್ರಿ. ಪ್ಲಗ್ ಮಾತ್ರ ನನ್ನ ಆಣಿ ಅದ, ಮುಟ್ಟಬ್ಯಾಡ್ರಿ." ಅವಳಿಂದ ಹತ್ತು ಸಲ ಹಚ್ಚಿಸಿ ಆರಿಸಿದರು. ಹನ್ನೊಂದನೇ ಸಲಕ್ಕೆ ಅವ್ವ, "ನಾನು ನೂರು ಮಂದಿ ಮಕ್ಕಳಿಗಿ ಅನ್ನ ಬೇಸ್ದಾಕಿ, ಒಂದು ಬಟನ್ ಒತ್ತಾಕ ಬರಂಗಿಲ್ಲೇನು?" ಎಂದು ರೇಗಿದ ಮೇಲೆಯೇ ಚಹಾ ಕುಡಿಯಲು ಒಪ್ಪಿದರು.

ಆಮೇಲೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕರೆಯದೆಯೇ ಬರುತ್ತಿದ್ದರು. ಬೇಸಿಗೆಯಲ್ಲಿ ಅವ್ವನಿಗೆ ಫೋನು ಮಾಡಿ, "ಅಮ್ಮಾ, ಗುಂಡಿಗಿ ನೀರ ಹಾಕಿದ್ರೇನು?" ಎಂದು ಕೇಳುತ್ತಿದ್ದರು. ಅವ್ವ ತನ್ನ ನುಗ್ಗೆ ಗಿಡಕ್ಕೆ ಹಾಕುವಷ್ಟೇ ನಿಯಮದಿಂದ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುತ್ತಾಳೆ. ನಾನೂ ಶಾಲೆಯಲ್ಲಿ ನೀರಿನ ಮೋಟರು, ಅಡುಗೆ ಕೋಣೆಯ ಸ್ವಿಚ್ಚು ನೋಡುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ. ಮೊದಲು ನಾನು ಎಲ್ಲಕ್ಕೂ ಒಂದೇ ಸಮ ಅಂಜುತ್ತಿದ್ದೆ, ಆದ್ದರಿಂದ ಯಾವುದನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಈಗ ಮೊದಲು ಎದ್ದುಹೋಗಿ ನೋಡಿ ಬರುತ್ತೇನೆ. ಅಂಜಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ಅದಕ್ಕೊಂದು ಕೆಲಸ ಹಚ್ಚುವುದನ್ನು ಆ ಮನುಷ್ಯ ಕಲಿಸಿದರು.

ಕಳೆದ ಚಳಿಗಾಲದಲ್ಲಿ ಒಂದು ಮುಂಜಾನೆ ಚಾಚಾ ತೀರಿಕೊಂಡ ಸುದ್ದಿ ಬಂತು. ಹೇಳಿದ ಚಹಾದಂಗಡಿಯವನಿಗೆ ನಾನು ಮೊದಲು ಕೇಳಿದ್ದು, "ಕರೆಂಟೇನಪಾ?" ಎಂದು. ಅಲ್ಲ, ಎದೆ ಹಿಡಿದುಕೊಂಡಿತಂತೆ, ಮನೆಯಲ್ಲೇ, ಮುಂಜಾನೆಯ ನಮಾಜು ಮುಗಿಸಿ ಕೂತಾಗ. ಸದ್ಯ ಎಂದು ನಿಟ್ಟುಸಿರು ಬಂತು. ಆಮೇಲೆ ಆ ನಿಟ್ಟುಸಿರಿಗೇ ಅಳು ಬಂತು.

ಅವ್ವ ತಾನೂ ಬರುತ್ತೇನೆಂದಳು. ಮೊಣಕಾಲು ನೋವು, ಬಸ್ಸು ಬೇಡ ಎಂದರೆ ಕೇಳಲಿಲ್ಲ. ರಾಯಚೂರಿನ ಅವರ ಮನೆಯ ಒಳಕೋಣೆಯಲ್ಲಿ ಹೆಂಗಸರ ನಡುವೆ ಚಾಚಾನ ಹೆಂಡತಿ ಗೋಡೆಗೊರಗಿ, ತಲೆ ಮೇಲಿನ ಬಿಳಿ ಓಢಣಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ನಾವು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಬಂದವರೆಲ್ಲ ಹೇಳುವಂತೆ ನಾನೂ ಒಂದೆರಡು ಸಮಾಧಾನದ ಮಾತು ಹೇಳಿದೆ. ಅವರು ತಲೆ ಎತ್ತಲಿಲ್ಲ. ಅವ್ವ ಮೊಣಕಾಲು ಹಿಡಿದು ಕಷ್ಟಪಟ್ಟು ಅವರೆದುರು ನೆಲಕ್ಕೆ ಕುಳಿತಳು.

"ಯವ್ವಾ" ಅಂದಳು, "ನಿಮ್ಮ ಮನಿಯವ್ರು ಅವತ್ತ ನಮ್ಮ ಮನಿಗಿ ಬರಲಿಲ್ಲಂದ್ರ, ನೀವು ಈಗ ಕುಂತಂಗ ನಮ್ಮ ಮನಿಯವ್ರು ಮೂರು ವರ್ಸದ ಹಿಂದೇ ಗ್ವಾಡಿಗಿ ಒರಗಿ ಕುಂದರ್ತಿದ್ರು."

ಆಕೆ ಓಢಣಿ ಸರಿಸಿ ಅವ್ವನನ್ನು ನೋಡಿದರು. ಮುಖ, ಕೊರಳು, ತೊಡೆಯ ಮೇಲಿದ್ದ ಕೈಗಳು, ಒಂದೊಂದನ್ನೇ ನಿಧಾನವಾಗಿ ನೋಡಿದರು.

"ಮಾನ್ವಿ ಅಮ್ಮ ನೀವೇನು?" ಅಂದರು. "ಹತ್ತರ ಬರ್ರಿ. ಅವತ್ತ ನಿಮ್ಮ ಮನಿಯಿಂದ ಬಂದ ರಾತ್ರಿ ಅವ್ರು ಎಷ್ಟೋ ವರ್ಸದ ಮ್ಯಾಲ ಕಣ್ತುಂಬ ನಿದ್ದಿ ಮಾಡಿದ್ರು. ನಿಮ್ಮನ್ನ ನೋಡಬೇಕಂತ ನಾನು ಭಾಳ ದಿನದಿಂದ ಕಾಯಾಕತ್ತಿದ್ದೆ."